ಸುಂಕ್ಲಮ್ಮನ ಹೆಣ್ಣು ಕತ್ತೆಗಳು

ನಾಗವೇಣಿ ಒಂದು ಸುಳ್ಳನ್ನು ಹನ್ನೆರಡು ವರ್ಷ ಜೋಪಾನವಾಗಿ ಸಾಕಿಕೊಂಡು ಬಂದಿದ್ದಳು. ನ್ಯಾಯವಾಗಿ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಹೊಸಪೇಟೆಯ ಪುರಾತನ ಡಿಎನ್‌ಎ ಸಂಶೋಧನಾಲಯಕ್ಕೆ ವಿಜ್ಞಾನಿಯಾಗಿ ಸೇರಿದ ಮೊದಲ ದಿನ, ಚಹಾ ಕುಡಿಯುವಾಗ ಯಾರೋ, “ನಿಮ್ಮ ತಾಯಿಯವರು ಏನು ಮಾಡ್ತಾರ್ರಿ?” ಎಂದು ಕೇಳಿದ್ದರು. “ಹಾಲಿನ ವ್ಯಾಪಾರ” ಎಂದಿದ್ದಳು. ಕೇಳಿದವರು ಎಮ್ಮೆ ಎಂದುಕೊಂಡರು. ಇವಳು ತಿದ್ದಲಿಲ್ಲ. ನಡೆದದ್ದು ಇಷ್ಟೇ.

ಅವಳ ಅವ್ವ ಸುಂಕ್ಲಮ್ಮ ಮಾರುತ್ತಿದ್ದದ್ದು ಕತ್ತೆಯ ಹಾಲು. ಬೆಳಕು ಹರಿಯುತ್ತಲೇ ಎರಡು ಹೆಣ್ಣು ಕತ್ತೆಗಳ ಹಗ್ಗ ಹಿಡಿದು, “ಕತ್ತೆ ಹಾಲೂ... ಕೂಸಿಗೆ ಹಾಲೂ...” ಎಂದು ಓಣಿ ಓಣಿ ತಿರುಗುವುದು, ಬಾಣಂತಿ ಇರುವ ಮನೆಯವರು ಕರೆದರೆ ಹೊಸ್ತಿಲ ಮುಂದೆಯೇ ಕೂತು ಕೂಸಿಗೆ ಕುಡಿಸುವ ಒಳಲೆಯೊಳಕ್ಕೆ ಹಿಂಡಿ ಕೊಡುವುದು. ಊರಿನಲ್ಲಿ ಚಾಲಕರಿಲ್ಲದ ಬಸ್ಸು ಓಡಾಡತೊಡಗಿದ ಮೇಲೂ ಸುಂಕ್ಲಮ್ಮನ ತಿರುಗಾಟ ನಿಂತಿರಲಿಲ್ಲ. ಕತ್ತೆ ರಸ್ತೆಯ ನಡುವೆ ನಿಂತರೆ ಆ ಬಸ್ಸುಗಳೂ ನಿಲ್ಲುತ್ತಿದ್ದವು. ಬೈಯಲು ಡ್ರೈವರೇ ಇಲ್ಲ! ಹಾಗಾಗಿ ಸುಂಕ್ಲಮ್ಮನಿಗೆ ಹೊಸ ಕಾಲದ ಮೇಲೆ ಯಾವ ದೂರೂ ಇರಲಿಲ್ಲ.

ದೂರು ಇದ್ದದ್ದು ಮಗಳಿಗೆ. ಶಾಲೆಯಲ್ಲಿ ಅವಳ ಹೆಸರು ಕತ್ತೆ ನಾಗಿ. ಹಾಜರಿ ಕೂಗುವಾಗ ಹಿಂದಿನ ಬೆಂಚಿನವರು ಕತ್ತೆಯಂತೆ ಅರಚುತ್ತಿದ್ದರು. ಮೇಷ್ಟ್ರೂ ಮೀಸೆಯ ಮರೆಯಲ್ಲಿ ನಗುತ್ತಿದ್ದರು. ಹಟ ಹಿಡಿದು ಓದಿದಳು, ಮೊದಲು ಬಂದಳು, ಡಾಕ್ಟರೇಟ್ ಮಾಡಿದಳು. ಕತ್ತೆಗಳಿಂದ ಎಷ್ಟು ದೂರ ಓಡಬಹುದೋ ಅಷ್ಟು ದೂರ ಓಡಿದಳು. ಆದರೆ ಅವಳ ಪಾಲಿಗೆ ಬಂದ ಸಂಶೋಧನೆಯ ವಿಷಯ ಯಾವುದು ಗೊತ್ತೇ? ಏಷ್ಯಾದ ಕಾಡುಕತ್ತೆಗಳ ವಿಕಾಸ! ಹಣೆಬರಹಕ್ಕೂ ಒಂದಿಷ್ಟು ಕುಚೋದ್ಯ ಇರುತ್ತದೆ ನೋಡಿ.

ಅವರ ಮನೆತನದಲ್ಲಿ ಎರಡು ಪದ್ಧತಿಗಳಿದ್ದವು. ಗಂಡುಮರಿ ಹುಟ್ಟಿದರೆ ಬೇಕಾದವರಿಗೆ ಕೊಡಬಹುದು. ಹೆಣ್ಣುಮರಿಯನ್ನು ಮಾತ್ರ ಹೊರಗೆ ಕೊಡುವಂತಿಲ್ಲ. ಅದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗಬೇಕು. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ತಾಯಿ ಹೆಣ್ಣು ಕತ್ತೆಯ ಹಗ್ಗವನ್ನು ಮಗಳ ಕೈಯಲ್ಲಿಡುತ್ತಾಳೆ. ಎರಡನೆಯದು, ಪ್ರತಿ ಯುಗಾದಿಗೆ ಆ ಕತ್ತೆಯ ಕುತ್ತಿಗೆಯ ಕೂದಲನ್ನು ಕರಿದಾರದ ಜೊತೆ ಹೊಸೆದು ಹೆಣ್ಣುಮಕ್ಕಳ ಎಡತೋಳಿಗೆ ಕಟ್ಟುವುದು. ದೃಷ್ಟಿ ತಾಗಬಾರದೆಂದು.

ಏಳು ವರ್ಷದ ಹಿಂದೆ ನಾಗವೇಣಿಯ ಮದುವೆಯಲ್ಲಿ ಸುಂಕ್ಲಮ್ಮ ಕೆಂಚಿ ಎಂಬ ಎಳೆ ಕತ್ತೆಗೆ ಅರಿಶಿನ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಕಲ್ಯಾಣಮಂಟಪದ ಹಿಂಬಾಗಿಲಿಗೆ ತಂದು ನಿಲ್ಲಿಸಿದ್ದಳು. ಒಳಗೆ ಸಂಶೋಧನಾಲಯದವರೆಲ್ಲ ಊಟಕ್ಕೆ ಕೂತಿದ್ದರು. ನಾಗವೇಣಿ ಸೀರೆಯ ನೆರಿಗೆ ಹಿಡಿದುಕೊಂಡು ಹಿಂಬಾಗಿಲಿಗೆ ಓಡಿಬಂದಳು.

“ಯವ್ವಾ, ಕ್ವಾರ್ಟರ್ಸಿನಾಗ ಇದನ್ನ ಎಲ್ಲಿ ಕಟ್ಟಲಿ?”

ಸುಂಕ್ಲಮ್ಮ ಮಗಳ ಮುಖ ನೋಡಿದಳು. “ಆತು ಬಿಡವ್ವಾ. ನಿನ್ನ ಪಾಲಿಂದು ನನ್ನ ಹತ್ರಾನ ಇರ್ತೈತಿ” ಎಂದು ಕೆಂಚಿಯನ್ನು ತಿರುಗಿಸಿಕೊಂಡು ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ತೋಳಿನ ದಾರವನ್ನು ಮಾತ್ರ ಪ್ರತಿ ಯುಗಾದಿಗೆ ತಾನೇ ಬಂದು ಕಟ್ಟಿ ಹೋಗುತ್ತಿದ್ದಳು. ಅದಕ್ಕೆ ನಾಗವೇಣಿ ಬೇಡ ಎನ್ನಲಿಲ್ಲ. ರವಿಕೆಯ ತೋಳಿನೊಳಗೆ ಯಾರಿಗೂ ಕಾಣುತ್ತಿರಲಿಲ್ಲ.

ಸಂಶೋಧನಾಲಯದ ಮುಖ್ಯಸ್ಥರು ಪ್ರೊಫೆಸರ್ ಧರಣೇಂದ್ರ ಉಪಾಧ್ಯೆ. ಬೆಳಗಾವಿ ಕಡೆಯವರು. ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಮೂವತ್ತು ವರ್ಷದಿಂದ ಅವರದು ಒಂದೇ ಜಪ: ನಮ್ಮ ದಖ್ಖನ್ನಿನ ಬಯಲಿನಲ್ಲಿಯೂ ಒಂದು ಕಾಡುಕತ್ತೆ ಇತ್ತು. ಕಛ್‌ನ ಉಪ್ಪುನೆಲದಲ್ಲಿ ಒಂದು ಬಗೆ ಇದೆ, ಲಡಾಖಿನ ಚಳಿಯಲ್ಲಿ ಇನ್ನೊಂದಿದೆ, ಸಿರಿಯಾದ್ದು ಅಳಿದು ನೂರು ವರ್ಷ ದಾಟಿತು. ಹಾಗಿರುವಾಗ ತುಂಗಭದ್ರೆಯ ದಂಡೆಯ ಈ ಹುಲ್ಲುಗಾವಲು ಅವಕ್ಕೆ ಬೇಡವಾಗಿತ್ತೇ? ಇತ್ತು, ಆಮೇಲೆ ಅಳಿಯಿತು ಎಂದು ಅವರ ವಾದ. ಸಮ್ಮೇಳನಗಳಲ್ಲಿ ಜನ ಇದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಅವರ ಬಳಿ ಇದ್ದ ಸಾಕ್ಷಿ ಒಂದೇ ಹಲ್ಲು. ನೀರಗಲ್ಲು ಎಂಬ ಊರಿನ ಬೂದಿದಿಬ್ಬದ ಅಡಿಯಲ್ಲಿ ಸಿಕ್ಕ, ಹೆಬ್ಬೆರಳು ಗಾತ್ರದ ದವಡೆ ಹಲ್ಲು.

ಬೂದಿದಿಬ್ಬವೆಂದರೆ ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟು ಸುಟ್ಟು ಬೆಳೆದ ಗುಡ್ಡೆ. ನೀರಗಲ್ಲಿನಲ್ಲಿ ಆ ಬೆಂಕಿ ಎಷ್ಟು ಜೋರಿತ್ತೆಂದರೆ ಬೂದಿ ಕರಗಿ ಗಾಜಿನಂಥ ಪದರವಾಗಿ ಕೂತಿತ್ತು. ಅದರ ಕೆಳಗಿನ ಮಣ್ಣಿಗೆ ನಾಲ್ಕು ಸಾವಿರ ವರ್ಷ ನೀರಿನ ಹನಿಯೂ ಇಳಿದಿರಲಿಲ್ಲ. ಆದರೂ ನಮ್ಮ ಕಡೆಯ ಬಿಸಿಲು ಸಾಮಾನ್ಯದ್ದೇ? ಹಿಮದಲ್ಲಿ ಲಕ್ಷ ವರ್ಷ ಉಳಿಯುವ ಡಿಎನ್‌ಎ ಇಲ್ಲಿ ಪುಡಿಪುಡಿಯಾಗುತ್ತದೆ. ಹಳೆಯ ಯಂತ್ರಗಳು ಆ ಪುಡಿಯನ್ನು ಕಸವೆಂದು ಬಿಸಾಡುತ್ತಿದ್ದವು.

ಅದಕ್ಕೇ ನಾಗವೇಣಿ ಒಂಬತ್ತು ವರ್ಷ ಕೂತು ಒಂದು ಯಂತ್ರ ಕಟ್ಟಿದ್ದಳು. ಕಡತದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಜರಡಿ ಎಂದು. ಒಂದೇ ಲಗ್ನಪತ್ರಿಕೆಯ ಸಾವಿರ ಪ್ರತಿಗಳನ್ನು ಹರಿದು ಚೂರು ಮಾಡಿ ಚೆಲ್ಲಿದರೂ, ಚೂರಿಗೆ ಚೂರು ಹೊಂದಿಸಿ ಮದುಮಕ್ಕಳ ಹೆಸರು ಓದಬಹುದಲ್ಲ, ಜರಡಿ ಮಾಡುತ್ತಿದ್ದದ್ದು ಅದನ್ನೇ. ಇನ್ನೂ ಒಂದು ವಿದ್ಯೆ ಅದಕ್ಕೆ ಗೊತ್ತಿತ್ತು. ಹಳೆಯ ಡಿಎನ್‌ಎ ತುಣುಕಿನ ಅಂಚು ಸವೆದಿರುತ್ತದೆ, ಹೊಸದರ ಅಂಚು ಗಟ್ಟಿಯಾಗಿರುತ್ತದೆ. ಸವೆತ ನೋಡಿ ಯಾವುದು ಸತ್ತು ಎಷ್ಟು ಕಾಲವಾಯಿತೆಂದು ಅದು ಹೇಳುತ್ತಿತ್ತು.

ಬುಧವಾರ ಹಲ್ಲಿನ ಓದು ಬಂತು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ, ಅಂದರೆ ತಾಯಿಯ ಸಾಲು. ಪರದೆಯ ಮೇಲೆ ಕಾಡುಕತ್ತೆಗಳ ವಂಶವೃಕ್ಷ ಬಿಚ್ಚಿಕೊಂಡಿತು. ಕಛ್‌ನ ರೆಂಬೆ ಒಂದು ಕಡೆ, ಲಡಾಖಿನದು ಒಂದು ಕಡೆ. ಇವೆರಡರ ನಡುವೆ ಯಾರೂ ಎಂದೂ ಕಾಣದ ಮೂರನೆಯ ರೆಂಬೆಯೊಂದು ಒಂಟಿಯಾಗಿ ನಿಂತಿತ್ತು.

“ನೋಡ್ರಿ, ನೋಡ್ರಿ!” ಎಂದು ಉಪಾಧ್ಯೆಯವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. “ಕಛ್‌ದ್ದೂ ಅಲ್ಲ, ಲಡಾಖದ್ದೂ ಅಲ್ಲ. ಇದು ನಮ್ಮದು. ನಮ್ಮ ಮಣ್ಣಿಂದು!” ಅವರ ಕಣ್ಣಲ್ಲಿ ನೀರಾಡಿತು. ಸಹಾಯಕಿ ಖೈರುನ್ನಿಸಾ ಓಡಿಹೋಗಿ ಎಲ್ಲರಿಗೂ ಪೇಡೆ ತಂದಳು. ಮುಂದಿನ ಮಂಗಳವಾರ ಪತ್ರಕರ್ತರನ್ನು ಕರೆದು ಜಗತ್ತಿಗೆ ಹೇಳುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಆದರೆ ಕೆಲಸ ಮುಗಿದಿರಲಿಲ್ಲ. ಪ್ರತಿ ಹಲ್ಲು, ಮೂಳೆಯ ಜೊತೆಗೆ ಒಂದು ಖಾಲಿ ನಳಿಕೆಯನ್ನೂ ಓದಿಸಬೇಕು. ಅದರಲ್ಲಿ ಶುದ್ಧ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಅದು ಖಾಲಿಯೆಂದು ಬಂದರೆ ನಿಮ್ಮ ಕೈ ಸ್ವಚ್ಛ. ಅದರಲ್ಲಿ ಏನಾದರೂ ಕಂಡರೆ ಹೊರಗಿನ ಹೊಲಸು ಸೇರಿದೆ ಎಂದರ್ಥ. ಜರಡಿ ಒಂದು ಸಲಕ್ಕೆ ಒಂದೇ ನಳಿಕೆ ಓದುವುದರಿಂದ ಖಾಲಿಯದರ ಸರದಿ ಬಂದದ್ದು ಶನಿವಾರ. ಓದಿ ನೋಡಿ ಸಹಿ ಹಾಕುವುದು ನಾಗವೇಣಿಯ ಕೆಲಸ. ಬೇರೆ ಯಾರೂ ಅದನ್ನು ನೋಡುವುದಿಲ್ಲ.

ಖಾಲಿ ನಳಿಕೆಯಲ್ಲಿ ಅದೇ ಕತ್ತೆ ಕೂತಿತ್ತು.

ನಾಗವೇಣಿಯ ಎದೆ ಧಸಕ್ಕೆಂದಿತು. ಹಲ್ಲಿನ ಪುಡಿಯೇ ಸಿಡಿದಿರಬೇಕೆಂದು ಸಮಾಧಾನ ಮಾಡಿಕೊಂಡು ಅಂಚುಗಳನ್ನು ನೋಡಿದಳು. ಒಂದೂ ಸವೆದಿರಲಿಲ್ಲ. ಉದ್ದುದ್ದ, ಗಟ್ಟಿ, ತಾಜಾ ತುಣುಕುಗಳು. ಈಗ, ಈ ವರ್ಷ, ಎಲ್ಲೋ ಉಸಿರಾಡುತ್ತಿರುವ ಪ್ರಾಣಿಯದು. ಬುಧವಾರದ ಹಲ್ಲಿನ ಲೆಕ್ಕವನ್ನು ಮತ್ತೆ ತೆಗೆದು ನೋಡಿದಳು. ಕುಣಿದಾಡುವ ಭರದಲ್ಲಿ ಅದರ ಅಂಚುಗಳನ್ನು ಯಾರೂ ಪರೀಕ್ಷಿಸಿರಲಿಲ್ಲ, ಅವಳೂ ಸಹ. ತಾಜಾ ತುಣುಕುಗಳನ್ನು ಬೇರೆ ಮಾಡಿದರೆ ಅಲ್ಲಿ ನಿಜವಾಗಿ ಹಳೆಯದೆಂದು ಉಳಿದದ್ದು ಒಂಬತ್ತೇ ಚೂರು. ಒಂಬತ್ತು ಚೂರು ಇಟ್ಟುಕೊಂಡು ಯಾರ ಮುಂದೆಯೂ ಬಾಯಿ ತೆರೆಯುವಂತಿಲ್ಲ.

ಎಂದೋ ಅಳಿದುಹೋದ ಪ್ರಾಣಿಯ ತಾಜಾ ಗುರುತು ಈ ಬಂದೋಬಸ್ತಿನ ಕೋಣೆಗೆ ಬಂದದ್ದಾದರೂ ಹೇಗೆ? ಒಳಗೆ ಹೋಗುವವರು ಬಳೆ, ಕಿವಿಯೋಲೆ, ತಾಳಿ ಎಲ್ಲ ಬಿಚ್ಚಿಟ್ಟು, ನೆತ್ತಿಯಿಂದ ಪಾದದವರೆಗೆ ಬಿಳಿ ಅಂಗಿ ಹಾಕಿ, ಎರಡೆರಡು ಜೊತೆ ಕೈಗವಸು ತೊಡುತ್ತಾರೆ. ಯೋಚಿಸುತ್ತ ಕೂತವಳ ಬಲಗೈ ತಾನಾಗಿ ಎಡತೋಳಿಗೆ ಹೋಯಿತು. ಅಲ್ಲಿ ಸಣ್ಣಗೆ ತುರಿಸುತ್ತಿತ್ತು.

ದಾರ!

ಹುಟ್ಟಿದ ಹನ್ನೊಂದನೆಯ ದಿನದಿಂದ ಇದ್ದದ್ದು. ಅದನ್ನು ಅವಳು ಆಭರಣವೆಂದು ಎಣಿಸಿರಲಿಲ್ಲ. ಬಿಚ್ಚಿಡುವ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಮೈಯ ಚರ್ಮದ ಹಾಗೆ ಮರೆತೇಹೋಗಿತ್ತು. ಒಣಗಿದ ಕೂದಲು ಪುಡಿಯಾಗಿ ತೋಳಿನಿಂದ ಮುಂಗೈಗೆ, ಮುಂಗೈಯಿಂದ ಕೈಗವಸಿಗೆ ಇಳಿದಿತ್ತು. ಹೊಸಪೇಟೆಯ ಬೇರೆ ಯಾವ ವಿಜ್ಞಾನಿಯೂ ಮಾಡಲಾಗದ ತಪ್ಪು ಅದು.

ಆದರೆ ಕೆಂಚಿ ಸಾಕಿದ ಕತ್ತೆ. ಸಾಕಿದ ಕತ್ತೆಗಳೆಲ್ಲ ಆಫ್ರಿಕಾದ ಕಾಡುಕತ್ತೆಯ ಸಂತಾನ. ಏಷ್ಯಾದವುಗಳಿಗೂ ಅವಕ್ಕೂ ಸಂಬಂಧ ಕಡಿದು ಲಕ್ಷಾಂತರ ವರ್ಷ. ಕೆಂಚಿಯ ಕೂದಲಿನಲ್ಲಿ ದಖ್ಖನ್ನಿನ ಕಾಡುಕತ್ತೆ ಇರಲು ಸಾಧ್ಯವೇ? ಒಂದೇ ಒಂದು ದಾರಿ ಇತ್ತು. ಅದನ್ನು ಯೋಚಿಸಿದೊಡನೆ ಅವಳ ಮೈ ಜುಮ್ಮೆಂದಿತು. ಮರುಕ್ಷಣವೇ ಉಪಾಧ್ಯೆ ಸರ್ ಚಪ್ಪಾಳೆ ತಟ್ಟಿದ್ದು ನೆನಪಾಯಿತು. ಸಹಿ ಹಾಕದೆ ಕಂಪ್ಯೂಟರ್ ಮುಚ್ಚಿ ಎದ್ದಳು.

ಭಾನುವಾರ ಬೆಳಿಗ್ಗೆ ನಾಗವೇಣಿ ಅವ್ವನ ಮನೆಗೆ ಹೋದಳು. ಊರಾಚೆ, ಕಾಲುವೆಯ ದಂಡೆಯಲ್ಲಿ ಎರಡು ಕೋಣೆಯ ಮನೆ, ಪಕ್ಕದಲ್ಲಿ ಕಲ್ಲುಚಪ್ಪಡಿಯ ಕೊಟ್ಟಿಗೆ. ಸುಂಕ್ಲಮ್ಮ ಕೆಂಚಿಯ ಮೈ ತಿಕ್ಕುತ್ತಿದ್ದಳು. ಕೆಂಚಿ ಈಗ ಗಬ್ಬದ ಕತ್ತೆ. ಮೈ ಇಟ್ಟಿಗೆ ಬಣ್ಣ, ಹೊಟ್ಟೆ ಬಿಳಿ.

“ಏನವ್ವಾ, ಆಯಿತಾರ ಬಂದೀ? ಗಂಡನ ಜೋಡಿ ಜಗಳ ಏನು?”

“ಇಲ್ಲಬೇ. ಕೆಂಚೀವು ನಾಕು ಕೂದಲ ಬೇಕಾಗಿದ್ವು.”

ಸುಂಕ್ಲಮ್ಮ ತಿಕ್ಕುವುದನ್ನು ನಿಲ್ಲಿಸಿದಳು. ಇಷ್ಟು ವರ್ಷದಲ್ಲಿ ಮಗಳು ಕೊಟ್ಟಿಗೆಯಿಂದ ಏನನ್ನಾದರೂ ಕೇಳಿದ್ದು ಇದೇ ಮೊದಲು. “ಕೂದಲ ಯಾಕ, ಬೇಕಾದ್ರ ಕತ್ತೇನ ಒಯ್ಯಿ” ಎಂದು ನಕ್ಕಳು.

“ಯವ್ವಾ, ಯುಗಾದಿ ದಿನ ದಾರ ಕಟ್ಟುವಾಗ ನೀ ಒಂದು ಪಾಠ ಹೇಳ್ತಿ ನೋಡು, ಅದನ್ನ ಇನ್ನೊಮ್ಮೆ ಹೇಳು.”

ಸುಂಕ್ಲಮ್ಮ ಕೆಂಚಿಯ ಬೆನ್ನ ಮೇಲೆ ಕೈಯಿಟ್ಟು, ಮಂತ್ರ ಹೇಳುವವಳ ಹಾಗೆ ಒಂದೇ ರಾಗದಲ್ಲಿ ಶುರು ಮಾಡಿದಳು. “ಕೆಂಚಿ ತಾಯಿ ಬೆಳ್ಳಿ, ಬೆಳ್ಳಿ ತಾಯಿ ಚುಕ್ಕಿ, ಚುಕ್ಕಿ ತಾಯಿ ಗೌರಿ, ಗೌರಿ ತಾಯಿ ಕರಿಮೂತಿ...” ಹೀಗೆ ಹತ್ತೊಂಬತ್ತು ಹೆಸರು. ತನ್ನ ಮುತ್ತಜ್ಜಿಯ ಹೆಸರು ಸುಂಕ್ಲಮ್ಮನಿಗೆ ಗೊತ್ತಿರಲಿಲ್ಲ, ಕತ್ತೆಯ ಹತ್ತೊಂಬತ್ತು ತಾಯಂದಿರು ನಾಲಗೆಯ ತುದಿಯಲ್ಲಿದ್ದರು! “ಎಲ್ಲಾರ ತಾಯಿ ಅಡವಿಯಾಕಿ” ಎಂದು ಕೊನೆಗೊಳಿಸಿದಳು.

“ಅಡವಿಯಾಕಿ ಅಂದ್ರ ಯಾರಬೇ?”

“ನಮ್ಮ ಹಿರೇರು ಉಪ್ಪು ಹೊತ್ತು ತಿರುಗೋ ಕಾಲಕ್ಕ ಹೊಳಿ ಬತ್ತಿತ್ತಂತ. ಕತ್ತೆ, ಮಂದಿ ಎಲ್ಲಾ ನೀರಿಲ್ಲದ ಬಿದ್ದಿದ್ರು. ಆವಾಗ ಅಡವಿಯಿಂದ ಒಂದು ಕೆಂಚು ಕತ್ತೆ ಬಂದು ಉಸುಕಿನಾಗ ಗೊರಸಿಲೆ ಕೆದರಿ ಒರತೆ ತೆಗೀತಂತ. ತಾನೂ ಕುಡೀತು, ಇವರಿಗೂ ಕುಡ್ಯಾಕ ಬಿಟ್ಟಿತು. ಆಮ್ಯಾಲ ನಮ್ಮ ಗಂಡು ಕತ್ತೆ ಜೋಡಿ ನಿಂತುಬಿಡ್ತು. ಅದರ ಹೊಟ್ಟೀವೇ ಇವೆಲ್ಲಾ. ಇವತ್ತಿಗೂ ನೋಡು, ಕಾಲುವೆ ನೀರು ಮುಂದಿದ್ರೂ ಕೆಂಚಿ ಉಸುಕು ಕೆದರೇ ಕುಡಿಯೋದು. ಸೊಕ್ಕು ಎಷ್ಟೈತಿ ಅಂತೀನಿ!”

ನಾಗವೇಣಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಳು. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಹಲ್ಲು, ಖಾಲಿ ನಳಿಕೆ, ದಾರ, ಮಂಗಳವಾರದ ಸಭೆ. ಸಹಿ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದನ್ನೂ ಹೇಳಿದಳು. “ಖರೇ ಹೇಳಿದ್ರ ಸರ್‌ದು ಮೂವತ್ತು ವರ್ಷದ್ದು ಮಣ್ಣುಪಾಲು. ದಾರದ್ದು ಹೇಳಬೇಕು, ಕತ್ತೇದೂ ಹೇಳಬೇಕು. ಅಲ್ಲಿ ನಾನು...” ಎಂದು ತಡವರಿಸಿದಳು.

“ಎಮ್ಮಿ ಅಂತ ಹೇಳಿದ್ದು ಗೊತ್ತೈತಿ ತಗೋ.”

ನಾಗವೇಣಿ ತಲೆ ಎತ್ತಿದಳು.

“ನಿನ್ನ ಮದವ್ಯಾಗ ನಿಮ್ಮ ಆಫೀಸಿನವರು ಕೇಳಿದ್ರು, ಎಮ್ಮಿ ಎಷ್ಟು ಕಟ್ಟೀರವ್ವಾ ಅಂತ. ನಾಕು ಅಂದೆ. ಎರಡು ಗಬ್ಬ ಅದಾವು ಅಂತಾನೂ ಅಂದೆ.” ಸುಂಕ್ಲಮ್ಮ ಮತ್ತೆ ಕತ್ತೆಯ ಮೈ ತಿಕ್ಕತೊಡಗಿದಳು. “ಮಗಳ ಮಾತು ಹುಸಿ ಆಗಬಾರದಲ್ಲ.”

ನಾಗವೇಣಿಗೆ ದುಃಖ ಉಕ್ಕಿ ಬಂತು. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾರೆದುರಿಗೂ ತಲೆ ತಗ್ಗಿಸದ ಅವ್ವ, ಮಗಳ ಮಾನಕ್ಕಾಗಿ ಇಲ್ಲದ ನಾಲ್ಕು ಎಮ್ಮೆಗಳನ್ನು ಏಳು ವರ್ಷ ಹೊತ್ತುಕೊಂಡು ತಿರುಗಿದ್ದಳು. ಸುಂಕ್ಲಮ್ಮ ಬಂದು ಒದ್ದೆ ಕೈಯಲ್ಲೇ ಮಗಳ ತಲೆ ಸವರಿ, “ಅಳಬ್ಯಾಡ ಸುಮ್ನಿರು. ಕೂದಲ ಎಷ್ಟು ಬೇಕು ಕಿತ್ಗೋ. ಒದೀತೈತಿ, ಬಾಜೂಕ ನಿಂತು ಕೀಳು” ಎಂದಳು.

ಸೋಮವಾರ ಬೆಳಿಗ್ಗೆ ಉಪಾಧ್ಯೆಯವರು ನಾಳೆಯ ಭಾಷಣವನ್ನು ಖೈರುನ್ನಿಸಾಳಿಗೆ ಓದಿ ತೋರಿಸುತ್ತಿದ್ದಾಗ ನಾಗವೇಣಿ ಅವರ ಕೋಣೆಗೆ ಹೋದಳು.

“ಸರ್, ನಾಳಿನ ಸಭೆ ನಿಲ್ಲಿಸಬೇಕು.”

“ಯಾಕವಾ?”

“ಖಾಲಿ ನಳಿಕೆ ಖಾಲಿ ಇಲ್ರಿ.”

ಅವರು ಅವಳ ಕೈಯಲ್ಲಿದ್ದ ಕಾಗದ ಈಸಿಕೊಂಡು ನೋಡಿದರು. ಮುಖದ ಬಣ್ಣ ಇಳಿಯಿತು. “ಹೊಲಸು ಎಲ್ಲಿಂದ ಬಂತು?”

“ನನ್ನಿಂದ.” ನಾಗವೇಣಿ ರವಿಕೆಯ ತೋಳು ಮೇಲೆತ್ತಿ ದಾರ ತೋರಿಸಿದಳು. “ನಮ್ಮವ್ವ ಮಾರೋದು ಎಮ್ಮಿ ಹಾಲಲ್ಲ ಸರ್, ಕತ್ತೆ ಹಾಲು. ಇದು ನಮ್ಮ ಮನಿ ಕತ್ತೆ ಕೂದಲ. ಹನ್ನೆರಡು ವರ್ಷ ನಾ ಇದನ್ನ ಮುಚ್ಚಿಟ್ಟಿದ್ದೆ. ತಪ್ಪು ನಂದು.” ಮೇಜಿನ ಮೇಲಿದ್ದ ಕತ್ತರಿಯಿಂದ ದಾರ ಕತ್ತರಿಸಿ ಅವರ ಮುಂದಿಟ್ಟಳು.

ಮೊದಲು ಬಾಯಿ ಬಿಟ್ಟವಳು ಖೈರುನ್ನಿಸಾ. “ಅಯ್ಯ ಅಕ್ಕಾ! ನಮ್ಮ ತಮ್ಮ ಹುಟ್ಟಿದಾಗ ಕತ್ತೆ ಹಾಲಿಗೆ ಅಂತ ನಮ್ಮಪ್ಪ ಇಡೀ ಹೊಸಪೇಟೆ ಸುತ್ತ್ಯಾನ. ನಿಮ್ಮ ಮನ್ಯಾಗ ಇತ್ತು ಅಂದ್ರ ಒಂದು ಮಾತು ಹೇಳಬಾರದಾ?”

ಉಪಾಧ್ಯೆಯವರು ಎದ್ದು ಭಾಷಣದ ಹಾಳೆಗಳನ್ನು ಮಡಚಿ ಬದಿಗಿಟ್ಟರು. ಆಮೇಲೆ ಫೋನ್ ಎತ್ತಿಕೊಂಡು, “ನಾಳಿನ ಸಭಾ ಇಲ್ಲರಿ. ಇಲ್ಲ, ಯಂತ್ರ ಕೆಟ್ಟಿಲ್ಲ. ತಪ್ಪು ನಮ್ಮದು, ಹಂಗ ಬರಕೊಳ್ರಿ” ಎಂದರು. ಫೋನ್ ಇಟ್ಟು ನಾಗವೇಣಿಯ ಕಡೆ ತಿರುಗಿದರು.

“ಸಿಟ್ಟು ಬಂದದ. ಭಾಳ ಬಂದದ. ಆದ್ರ ಒಂದು ಮಾತು. ಖಾಲಿ ನಳಿಕಿ ಮುಚ್ಚಿಟ್ಟು ದೊಡ್ಡ ಹೆಸರು ಮಾಡಿದವರನ್ನ ನಾ ಕಂಡೀನಿ. ನೀ ನನ್ನ ಕೈಯಾಗ ತಯಾರಾದಾಕಿ ಅಂತ ಹೇಳಿಕೊಳ್ಳಾಕ ನನಗ ಹೆಮ್ಮೆ ಅನಸ್ತದವಾ.” ಕುರ್ಚಿಯಲ್ಲಿ ಕುಸಿದು ಕೂತು ದಾರವನ್ನು ಕನ್ನಡಕದ ಹತ್ತಿರ ಹಿಡಿದರು. ಇದ್ದಕ್ಕಿದ್ದ ಹಾಗೆ ನೆಟ್ಟಗೆ ಕೂತರು. “ತಡಿ. ಸಾಕಿದ ಕತ್ತೀ ಕೂದಲದಾಗ ಈ ತಾಯಿ ಸಾಲು ಹೆಂಗ ಬಂತು?”

ನಾಗವೇಣಿ ಎರಡು ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ಹೇಳಿದಳು. ಕಾಡುಕತ್ತೆಗೂ ಸಾಕಿದ ಕತ್ತೆಗೂ ವರ್ಣತಂತುಗಳ ಸಂಖ್ಯೆಯೇ ಬೇರೆ. ಅವೆರಡಕ್ಕೂ ಹುಟ್ಟಿದ ಮರಿ ಸಾಮಾನ್ಯವಾಗಿ ಬಂಜೆ. ಆದರೆ ಲಕ್ಷದಲ್ಲಿ ಒಂದು ಹೆಣ್ಣುಮರಿ ಗಬ್ಬವಾಗಬಹುದು. ಆ ಒಂದರ ಹೆಣ್ಣು, ಅದರ ಹೆಣ್ಣು, ಹೀಗೆ ತಲೆಮಾರು ತಲೆಮಾರು ಸಾಕಿದ ಗಂಡುಗಳ ಜೊತೆ ಕೂಡಿದರೆ ಮೈಯೆಲ್ಲ ಸಾಕಿದ ಕತ್ತೆಯದೇ ಆಗುತ್ತದೆ. ತಾಯಿಯ ಸಾಲು ಮಾತ್ರ ಕಾಡಿನದು ಉಳಿಯುತ್ತದೆ. ಆದರೆ ನಡುವೆ ಒಂದೇ ಒಂದು ಹೆಣ್ಣು ಕೈ ತಪ್ಪಿದರೂ ಸಾಲು ಮುಗಿಯಿತು.

“ನಮ್ಮ ಮನೆತನದಾಗ ಹೆಣ್ಣುಮರಿ ಹೊರಗ ಕೊಡೋದಿಲ್ಲ ಸರ್. ತಾಯಿಯಿಂದ ಮಗಳಿಗೇ ಬರ್ತದ.”

ಉಪಾಧ್ಯೆಯವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

ಪುಡಿ ಮಾಡಿದ ಹಲ್ಲಿನಲ್ಲಿ ಉಳಿದದ್ದು ಬೇರಿನ ತುದಿ, ಅವರೆಕಾಳಿನಷ್ಟು. ಒಂದೇ ಸಲದ ಅವಕಾಶ. ಅದರಲ್ಲಿ ಏನೂ ಸಿಗದಿದ್ದರೆ ನೀರಗಲ್ಲಿನ ಕಾಡುಕತ್ತೆ ಎಂದೆಂದಿಗೂ ಬರೀ ಊಹೆ. ಈ ಸಲ ಖೈರುನ್ನಿಸಾ ಒಬ್ಬಳೇ ಒಳಗೆ ಹೋದಳು. ನಾಗವೇಣಿಗೆ ಆ ಮಹಡಿಯನ್ನೇ ಹತ್ತಬಾರದೆಂದು ಕಟ್ಟಪ್ಪಣೆಯಾಯಿತು. ಅದನ್ನು ಬರೆದು ಸಹಿ ಹಾಕಿದವಳೂ ಅವಳೇ.

ಕೂದಲು ಸಾಲದು, ಕೆಂಚಿಯ ರಕ್ತವೂ ಬೇಕೆಂದಾಯಿತು. ಗುರುವಾರ ಬೆಳಿಗ್ಗೆ ಸುಂಕ್ಲಮ್ಮ ಕತ್ತೆಯನ್ನು ನಡೆಸಿಕೊಂಡೇ ಬಂದಳು. ಗೇಟಿನಲ್ಲಿ ಕಾವಲುಗಾರ ದೊಡ್ಡಬಸಪ್ಪ ಕೋಲು ಅಡ್ಡ ಹಿಡಿದ. “ಏ ಅಮ್ಮಾ, ಕತ್ತೆ ಎಲ್ಲಿಗೆ ಹೊಡಕೊಂಡು ಬಂದಿ? ಇದು ವಿಜ್ಞಾನಿಗಳು ಇರೋ ಜಾಗ.”

“ಯಾರೋ ರಕ್ತ ತಗೀಬೇಕು ಅಂದಿದ್ರಪ್ಪಾ.”

“ಯಾರು? ಯಾರ ಹೆಸರು ಹೇಳು.”

ಸುಂಕ್ಲಮ್ಮ ಹೆಸರು ಹೇಳಲಿಲ್ಲ. “ಮರತೀನಿ. ಇಲ್ಲೇ ನಿಂದರ್ತೀನಿ ತಗೋ” ಎಂದು ಬಿಸಿಲಿನಲ್ಲಿ ಬದಿಗೆ ಸರಿದು ನಿಂತಳು. ಅಷ್ಟರ ಹೊತ್ತಿಗೆ ಕೆಂಚಿ ಕತ್ತು ಚಾಚಿ ಅರಚಿದ ಸದ್ದಿಗೆ ಮೂರು ಮಹಡಿಯ ಕಿಟಕಿಗಳೂ ತೆರೆದವು. ಯಾರೋ ನಕ್ಕರು. ಶಾಲೆಯ ಹಿಂದಿನ ಬೆಂಚಿನ ನಗುವಿನ ಹಾಗೆಯೇ ಕೇಳಿಸಿತು ನಾಗವೇಣಿಗೆ. ಕೆಳಗಿನ ಕೋಣೆಯಲ್ಲಿ ಕೂತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವ ಈಗಲೂ ಮಗಳ ಹೆಸರು ಹೇಳದೆ ನಿಂತಿದ್ದಾಳೆ!

ಎದ್ದು ಹೊರಗೆ ಬಂದಳು. ಕಿಟಕಿಗಳ ಕೆಳಗೆ, ಅಂಗಳದ ನಟ್ಟನಡುವೆ ನಡೆದು ಹೋಗಿ ಅವ್ವನ ಕೈಯಿಂದ ಹಗ್ಗ ತೆಗೆದುಕೊಂಡಳು.

“ಬಸಪ್ಪಣ್ಣಾ, ಇವರು ನಮ್ಮವ್ವ. ಇದು ನಮ್ಮ ಕತ್ತೆ. ಗೇಟಿಂದು ಎರಡೂ ಬಾಗಿಲ ತೆಗಿ.”

ದೊಡ್ಡಬಸಪ್ಪ ತಬ್ಬಿಬ್ಬಾಗಿ ಎರಡೂ ಬಾಗಿಲು ತೆಗೆದ. ನಾಗವೇಣಿ ತಲೆಯೆತ್ತಿ ಕಿಟಕಿಗಳ ಕಡೆ ಒಂದು ಸಲ ನೋಡಿದಳು. ನಗು ಎಲ್ಲಿ ಹೋಯಿತೋ! ಹಗ್ಗ ಹಿಡಿದು ಅವಳು ಮುಂದೆ, ಕೆಂಚಿ ಹಿಂದೆ, ಸೆರಗು ಹೊದ್ದುಕೊಂಡ ಸುಂಕ್ಲಮ್ಮ ಪಕ್ಕದಲ್ಲಿ. ಮಂತ್ರಿಗಳ ಕಾರು ಬರುವ ದಾರಿಯಲ್ಲೇ ನಡೆದರು.

ಮುಂದಿನ ಬುಧವಾರ ಮಧ್ಯಾಹ್ನ ಜರಡಿ ಕೆಲಸ ಮುಗಿಸಿತು. ಎಲ್ಲರೂ ಪರದೆಯ ಮುಂದೆ ಗುಂಪುಗೂಡಿದರು. ಸುಂಕ್ಲಮ್ಮನಿಗೂ ಒಂದು ಕುರ್ಚಿ ಹಾಕಿಸಿದ್ದರು. ಈ ಸಲ ಉಪಾಧ್ಯೆಯವರು ಮೊದಲು ಕೇಳಿದ್ದು ಹಲ್ಲನ್ನಲ್ಲ.

“ಖಾಲಿ ನಳಿಕಿ?”

“ಖಾಲಿ ಅದ ಸರ್” ಎಂದಳು ಖೈರುನ್ನಿಸಾ. “ಪೂರಾ ಖಾಲಿ.”

“ಹಲ್ಲು?”

“ಇನ್ನೂರ ಹದಿನಾಲ್ಕು ಚೂರು. ಎಲ್ಲಾವೂ ಸವೆದಾವ ಸರ್. ಎಲ್ಲಾ ಹಳೇವ!”

ವಂಶವೃಕ್ಷ ಮತ್ತೆ ಬಿಚ್ಚಿಕೊಂಡಿತು. ಎರಡು ರೆಂಬೆಗಳ ನಡುವೆ ಮೂರನೆಯದು ಮೊದಲಿದ್ದ ಜಾಗದಲ್ಲೇ ಎದ್ದು ನಿಂತಿತು. ಅದರ ನಡುವಿನಲ್ಲಿ ನೀರಗಲ್ಲಿನ ಹಲ್ಲು. ಅಲ್ಲಿಂದ ಗೆರೆ ನಿಲ್ಲದೆ ಮುಂದೆ ಹರಿದು ಕೆಂಚಿಯ ರಕ್ತದಲ್ಲಿ ಬಂದು ಮುಟ್ಟಿತು. ತಾಯಿಯ ಸಾಲಿನ ಡಿಎನ್‌ಎ ಬರಹದ ಹದಿನಾರು ಸಾವಿರ ಚಿಲ್ಲರೆ ಅಕ್ಷರಗಳಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಮೂರೇ ಅಕ್ಷರ. ನಾಲ್ಕು ಸಾವಿರ ವರ್ಷಕ್ಕೆ ಮೂರು ಅಕ್ಷರ!

ಉಪಾಧ್ಯೆಯವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಅಳಿದೇಹೋಯಿತೆಂದು ಅವರು ಮೂವತ್ತು ವರ್ಷ ಶೋಕಿಸಿದ ಪ್ರಾಣಿಯ ಸಾಲು ಇದೇ ಹೊಸಪೇಟೆಯ ಓಣಿಗಳಲ್ಲಿ ದಿನಾ ಬೆಳಿಗ್ಗೆ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಿತ್ತು. ಅದನ್ನು ರಾಜರು ಕಾಯಲಿಲ್ಲ, ಅರಣ್ಯ ಇಲಾಖೆ ಕಾಯಲಿಲ್ಲ. ಓದುಬರಹ ಬಾರದ ಹೆಂಗಸರು ಹಗ್ಗವನ್ನು ಕೈಯಿಂದ ಕೈಗೆ ಕೊಡುತ್ತ ಕಾಯ್ದಿದ್ದರು. ನಾಗವೇಣಿಯ ಎದೆ ಉಬ್ಬಿ ಬಂತು. ಯಾವ ಪದವಿ ಬಂದಾಗಲೂ ಅವಳಿಗೆ ಹೀಗಾಗಿರಲಿಲ್ಲ.

ಉಪಾಧ್ಯೆಯವರು ಸುಂಕ್ಲಮ್ಮನ ಮುಂದೆ ಹೋಗಿ ಕೈಮುಗಿದರು. ಇದು ಏನು, ಎಂಥದು ಎಂದು ತಮಗೆ ತಿಳಿದಷ್ಟು ಸುಲಭವಾಗಿ ಬಿಡಿಸಿ ಹೇಳಿದರು. ಸುಂಕ್ಲಮ್ಮ ಎಲ್ಲ ಕೇಳಿಸಿಕೊಂಡು ಜರಡಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಇಷ್ಟು ತಿಳಕೊಳ್ಳಾಕ ಇಂಥಾ ದೊಡ್ಡ ಮಿಷನ್ನು ಬೇಕಾಗಿತ್ತೇನ್ರಿ ಯಪ್ಪಾ? ನನ್ನ ಕೇಳಿದ್ರ ಹೇಳ್ತಿದ್ದೆ.”

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾಗವೇಣಿ.

ಪತ್ರಕರ್ತರ ಸಭೆ ಅದರ ಮುಂದಿನ ವಾರ ನಡೆಯಿತು. ಖಾಲಿ ನಳಿಕೆಯ ಕಥೆಯಿಂದಲೇ ನಾಗವೇಣಿ ಮಾತು ಶುರು ಮಾಡಿದಳು. ಕೊನೆಯಲ್ಲಿ ಒಬ್ಬರು ಎದ್ದು, “ಮೇಡಂ, ನಿಮ್ಮ ತಾಯಿಯವರು ಏನು ಮಾಡ್ತಾರೆ?” ಎಂದು ಕೇಳಿದರು.

“ಕತ್ತೆ ಹಾಲು ಮಾರ್ತಾಳ್ರಿ” ಎಂದಳು ನಾಗವೇಣಿ, ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು. “ನಮ್ಮಜ್ಜಿನೂ ಅದನ್ನೇ ಮಾಡ್ತಿದ್ಲು. ಅವಳ ಅವ್ವನೂ.”

ಕೆಂಚಿ ಹೆಣ್ಣುಮರಿ ಹಾಕಿದ ಸುದ್ದಿ ಬಂದ ದಿನ ನಾಗವೇಣಿ ಮತ್ತೆ ಕಾಲುವೆಯ ದಂಡೆಗೆ ಹೋದಳು. ನೆಟ್ಟಗೆ ನಿಲ್ಲಲೂ ಬಾರದ ಮರಿ, ಕಿವಿಯೇ ಮೈಗಿಂತ ದೊಡ್ಡದು. ಅದನ್ನು ನೋಡುತ್ತ ನೋಡುತ್ತಲೇ ಅವಳು, “ಯವ್ವಾ, ನನ್ನ ಪಾಲಿಂದು ಕೊಡು” ಎಂದಳು.

ಸುಂಕ್ಲಮ್ಮ ಸೊಂಟದ ಮೇಲೆ ಕೈಯಿಟ್ಟಳು. ಏಳು ವರ್ಷ ಕಾದದ್ದಕ್ಕೆ ಇಷ್ಟಾದರೂ ಕಾಡಿಸಬೇಡವೇ? “ಕ್ವಾರ್ಟರ್ಸಿನಾಗ ಎಲ್ಲಿ ಕಟ್ತೀ?”

“ಗೇಟಿನ ಮುಂದ, ಬೇವಿನ ಗಿಡದ ಬುಡಕ್ಕ. ಎಲ್ಲರಿಗೂ ಕಾಣೋ ಹಂಗ.”

ಸುಂಕ್ಲಮ್ಮ ಒಳಗೆ ಹೋಗಿ ಅರಿಶಿನ ತಂದಳು. ಕೆಂಚಿಯ ಹಣೆಗೆ ಹಚ್ಚಿದಳು, ಮರಿಯ ಹಣೆಗೆ ಹಚ್ಚಿದಳು, ಮಗಳ ಕೆನ್ನೆಗೂ ಹಚ್ಚಿ ಕೆಂಚಿಯ ಹಗ್ಗವನ್ನು ಅವಳ ಕೈಯಲ್ಲಿಟ್ಟಳು.

ಈಗ ಆ ಸಂಶೋಧನಾಲಯಕ್ಕೆ ದೇಶ ವಿದೇಶದಿಂದ ಜನ ಬರುತ್ತಾರೆ. ಬೇವಿನ ನೆರಳಿನಲ್ಲಿ ಉಸುಕು ಕೆದರುತ್ತ ನಿಂತ ತಾಯಿ ಮರಿಗಳನ್ನು ನೋಡಿ, ಇವು ಸರ್ಕಾರದ ಪ್ರಾಣಿಗಳೇ ಎಂದು ಕೇಳುತ್ತಾರೆ. ದೊಡ್ಡಬಸಪ್ಪ ಕೋಲನ್ನು ಬದಿಗಿಟ್ಟು, ಎದೆ ಸೆಟೆಸಿ ಹೇಳುತ್ತಾನೆ:

“ಸರ್ಕಾರದ್ದು ಅಲ್ರಿ. ನಮ್ಮ ಡಾಕ್ಟರ್ ಮೇಡಂ ಅವರವು. ತವರುಮನಿಯಿಂದ ಬಂದಾವು.”